ಬಚ್ಚಲಲ್ಲಿ ಆನ್ ಮಾಡಿದ ಮೀಟರು

ಅಣ್ಣನಿಗೂ ನನಗೂ ಎಣ್ಣೆ-ಸೀಗೆಕಾಯಿ. ಅವನು ಅನುಮಾನದ ಸಾವುಗಳ ತನಿಖಾಧಿಕಾರಿ, ನಾನು ಅಗ್ನಿಶಾಮಕ ದಳದಲ್ಲಿ ಗ್ಯಾಸ್ ಮೀಟರು ನೋಡಿಕೊಳ್ಳುವವಳು. ವಿಷಗಾಳಿ ಇಲ್ಲ ಎಂದು ನಾನು ಹೇಳುವ ತನಕ ಅವನು ಹೊಸ್ತಿಲು ದಾಟುವಂತಿಲ್ಲ. ತಂಗಿಯ ಅಪ್ಪಣೆಗೆ ಕಾಯುವುದೆಂದರೆ ಅವನಿಗೆ ಮೈಯೆಲ್ಲ ಉರಿ. ಮೀಟರು ಪೀ ಪೀ ಎನ್ನುವುದನ್ನು ಹಿಡಿದು ನನಗೆ ‘ಪೀಪಿ’ ಎಂದು ಹೆಸರಿಟ್ಟವನೂ ಅವನೇ. ಅವನ ಜೊತೆ ಶವದ ಫೋಟೊ ತೆಗೆಯಲು ಬರುವವನು ನನ್ನ ಗಂಡ. ಈ ಮಹಾನುಭಾವನಿಗೆ ಭಾವನ ಮಾತೇ ವೇದವಾಕ್ಯ.

ಅವತ್ತು ಮಧ್ಯಾಹ್ನ, ಕಿಟಕಿಗಳೆಲ್ಲ ಮುಚ್ಚಿದ್ದ ಮನೆಯ ಬಚ್ಚಲಲ್ಲಿ ಮುದುಕನೊಬ್ಬ ಸತ್ತು ಬಿದ್ದಿದ್ದ. ಗ್ಯಾಸ್ ಗೀಸರು ಇನ್ನೂ ಉರಿಯುತ್ತಲೇ ಇತ್ತು. ನಾನು ಅಂಗಳದಲ್ಲಿ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಅಣ್ಣ ಗಾಡಿಯಿಂದ ಮೀಟರು ಎತ್ತಿಕೊಂಡು ನನ್ನ ಗಂಡನ ಜೊತೆ ಒಳಗೆ ನುಗ್ಗಿಬಿಟ್ಟಿದ್ದ. ಎರಡು ನಿಮಿಷಕ್ಕೆ ಒಬ್ಬನೇ ಹೊರಬಂದು ಮೀಟರನ್ನು ನನ್ನ ಮುಖಕ್ಕೆ ಹಿಡಿದ.

“ಸೊನ್ನೆ. ನೋಡ್ಕೋ, ಪೀಪಿ.”

“ಎಲ್ಲಿ ಆನ್ ಮಾಡ್ದೆ?”

“ಬಚ್ಚಲಲ್ಲಿ. ಇಲ್ಲೇ ಆನ್ ಮಾಡಿ ನಿನ್ನ ಜಂಬ ಅಳೀಬೇಕಿತ್ತಾ?”

ಈ ಮೀಟರನ್ನು ಬಯಲಿನಲ್ಲೇ ಆನ್ ಮಾಡಬೇಕು. ಆನ್ ಆದ ಜಾಗದ ಗಾಳಿಯನ್ನೇ ಅದು ಶುದ್ಧವೆಂದು ನಂಬಿ ಅಲ್ಲಿಂದ ಲೆಕ್ಕ ಹಿಡಿಯುತ್ತದೆ. ವಿಷದ ನಡುವೆ ಆನ್ ಮಾಡಿದರೆ ವಿಷವೇ ಸೊನ್ನೆ. ಹೋದ ತಿಂಗಳ ತರಬೇತಿಯಲ್ಲಿ ಇದನ್ನೇ ಗಂಟಲು ಹರಿದುಕೊಂಡು ಹೇಳಿದ್ದೆ. ಅಣ್ಣ ಹಿಂದಿನ ಸಾಲಲ್ಲಿ ಆಕಳಿಸುತ್ತಿದ್ದ, ಪಕ್ಕದಲ್ಲಿ ನನ್ನ ಗಂಡ ಹಲ್ಲು ಕಿಸಿಯುತ್ತಿದ್ದ.

ಬಚ್ಚಲ ಕಿಟಕಿಯ ಗಾಜಿನಲ್ಲಿ ಮಿಂಚುತ್ತಿದ್ದ ಕ್ಯಾಮೆರಾ ಬೆಳಕು ನಿಂತುಹೋಗಿತ್ತು. ಮಾಸ್ಕ್ ಬಿಗಿದು ಒಳಗೆ ಓಡಿದೆ. ನನ್ನ ಗಂಡ ಮುದುಕನ ಕಾಲಿನ ಮೇಲೆ ತಲೆಯಿಟ್ಟು ಬಿದ್ದಿದ್ದ. ಕಂಕುಳಿಗೆ ಕೈಹಾಕಿ ದರದರ ಎಳೆದುತಂದೆ. ಎಳೆಯುವಾಗ ಬೈಯುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಆಂಬುಲೆನ್ಸಿನಲ್ಲಿ ಆಮ್ಲಜನಕ ಕೊಟ್ಟ ಮೇಲೆ ಕಣ್ಣು ಬಿಟ್ಟ. ಅಷ್ಟು ಹೊತ್ತೂ ಅಂಗಳದ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದ ಅಣ್ಣ ಬಾಯಿ ಒರೆಸಿಕೊಂಡು ಹತ್ತಿರ ಬಂದ. ತಪ್ಪಾಯ್ತು ಅನ್ನುತ್ತಾನೇನೋ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

“ಮೀಟರ್ ಕೆಟ್ಟಿತ್ತು ಅಂತ ಬರಿ. ಮನೆ ಮಾತು ಮನೇಲೇ ಇರ್ಲಿ.”

ಮೀಟರು ಕೆಟ್ಟಿದ್ದರೆ ತಪ್ಪು ಅದನ್ನು ನೋಡಿಕೊಳ್ಳುವ ನನ್ನದು, ಕೆಲಸ ಹೋಗುವುದೂ ನನ್ನದೇ. ನಾನು ಗಂಡನ ಕಡೆ ನೋಡಿದೆ. ಅವನು ಮೂಗಿನ ಮೇಲಿದ್ದ ಆಮ್ಲಜನಕದ ಮಾಸ್ಕನ್ನು ಸರಿಸಿದ.

“ಭಾವ ಹೇಳಿದ ಹಾಗೆ ಬರೆದ್ಬಿಡು.”

ಆ ಮಾಸ್ಕನ್ನು ಮತ್ತೆ ಅವನ ಮುಖಕ್ಕೆ ಒತ್ತಿ ಕೂರಿಸಿದೆ. ಆಮೇಲೆ ವರದಿ ಪುಸ್ತಕ ತೆರೆದು, ಅಪ್ಪಣೆಯಿಲ್ಲದೆ ಒಳಹೋದವರು ಎಂಬಲ್ಲಿ ಇಬ್ಬರ ಹೆಸರನ್ನೂ ಬರೆದೆ. ಮೀಟರು ಆನ್ ಮಾಡಿದ ಜಾಗ ಎಂಬಲ್ಲಿ, ಬಚ್ಚಲು ಎಂದು ಬರೆದೆ.