ಹಾಡಿನಡಿಯ ಮಾತು

ನಮ್ಮ ಮದುವೆಯ ವಿಡಿಯೊದಲ್ಲಿ ಧಾರೆ ಮುಗಿದ ಮೇಲೆ ನನ್ನ ಗಂಡ ಕಿಶನ ನನ್ನ ಕಡೆ ಬಾಗಿ ಏನೋ ಹೇಳಿ ನಗುತ್ತಾನೆ. ಏನು ಹೇಳಿದನೆಂದು ನನಗೆ ಮರೆತುಹೋಗಿದೆ. ಕೇಳೋಣವೆಂದರೆ ಅವನು ಸಮುದ್ರದ ಪಾಲಾಗಿ ಆರು ವರ್ಷವಾಯಿತು. ವಿಡಿಯೊದವನು ಆ ಮಾತಿನ ಮೇಲೆಯೇ ಒಂದು ಸಿನಿಮಾ ಹಾಡು ಹೇರಿದ್ದ. ಆ ಹಾಡು ಬಸ್ಸಿನಲ್ಲಿ ಕೇಳಿಸಿದರೂ ನನಗೆ ಮೈಯೆಲ್ಲ ಉರಿಯುತ್ತದೆ.

ಕಾರವಾರದಲ್ಲಿ ಸೈಬರ್ ಕೆಫೆ ನಡೆಸುವ ನಾದಿನಿ ಮಾನಸಾ, ದುಬೈನಲ್ಲಿರುವ ನೆಂಟರು ನೋಡಲೆಂದು ಆ ವಿಡಿಯೊವನ್ನು ಇಂಟರ್‌ನೆಟ್ಟಿಗೆ ಹಾಕಿದ್ದಳು. 2009ರ ಜನವರಿಯಲ್ಲಿ ಅವಳ ಫೋನು ಬಂತು.

“ಅತ್ಗೇ, ಹಾಡಿನ ಕಂಪನಿಯವ್ರು ಕಾಪಿರೈಟ್ ಅಂತ ತಕರಾರು ಮಾಡಿದ್ರು. ಈಗ ಹಾಡು ಕೇಳೂದಿಲ್ಲ.”

“ಪೀಡೆ ಹೋಯ್ತು!” ಎಂದೆ. ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಅಂಕೋಲೆಯಲ್ಲಿ ಸಿಕ್ಕಿದ ಬಸ್ಸು ಹತ್ತಿದೆ. ಹಾಡು ಹೋದರೆ ಅದರಡಿಯ ಮಾತು ಕೇಳಿಸಲೇಬೇಕಲ್ಲ.

ಮಾನಸಾ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಕಿಶನ ಬಾಗಿದ, ನಕ್ಕ. ಸದ್ದೇ ಇಲ್ಲ.

“ದೊಡ್ಡದು ಮಾಡೇ.”

“ಪೂರಾ ದೊಡ್ಡದೇ ಇದೆ ಅತ್ಗೇ. ಅವ್ರು ಸದ್ದೆಲ್ಲಾ ತೆಗ್ದೇ ಬಿಟ್ರು.”

“ಅವ್ರ ಹಾಡು ಅವ್ರು ಒಯ್ಲಿ. ನನ್ನ ಗಂಡನ ಮಾತು ಎಂತಕ್ಕೆ ಒಯ್ದ್ರು?”

ಅವಳು ತಲೆ ತಗ್ಗಿಸಿದಳು. “ಅಣ್ಣನ ಮಾತು ಅದ್ರಲ್ಲಿ ಇರ್ಲೇ ಇಲ್ಲ ಅತ್ಗೇ. ಹಾಡು ಹಾಕೂವಾಗ್ಲೇ ವಿಡಿಯೊದವ ಅಳ್ಸಿ ಹಾಕಿದ್ದ.”

ಇನ್ನೊಮ್ಮೆ ಹಾಕು ಎಂದೆ. ಕಿಶನನ ತುಟಿಗಳನ್ನೇ ನೋಡುತ್ತ ಕೂತೆ. ಅವು ಅಲುಗಿದವು. ಸದ್ದಿಲ್ಲದ ಆ ಹೆಡ್‌ಫೋನಿನಲ್ಲಿ ನನಗೆ ಕೇಳಿಸಿದ್ದು ಅದೇ ದರಿದ್ರ ಹಾಡು.