ನಡುದಾರಿಯ ಉಬ್ಬು

ತಿಮ್ಮೇಶನ ಟ್ರ್ಯಾಕ್ಟರ್ ಕೀಲಿಯನ್ನು ಹೇಮಾವತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡ ಗಳಿಗೆಯಿಂದ ಅಜ್ಜಂಪುರ ಒಂದು ಮಹತ್ತರ ಸಮಸ್ಯೆಯನ್ನು ಎದುರಿಸಬೇಕಾಯಿತು: ಶಶಿಧರ ಮೇಷ್ಟ್ರು ಸ್ಮಶಾನಕ್ಕೆ ಹೋಗುವುದು ಚಕ್ರದ ಮೇಲೋ, ಹೆಗಲ ಮೇಲೋ?

ತಿಮ್ಮೇಶ ಸತ್ತವರ ತಮ್ಮ. ಸ್ಮಶಾನ ಕೆರೆ ಏರಿಯ ಆಚೆ ತುದಿಯಲ್ಲಿದೆ, ಈ ಬಿಸಿಲಲ್ಲಿ ಹೊರುವವರು ಯಾರು ಎಂದು ನ್ಯಾಯವಾಗಿಯೇ ಕೇಳಿದ. ಅತ್ತಿಗೆ ಹೇಮಾವತಿ ಅಂಗಳದ ತುಂಬ ನಿಂತಿದ್ದ ಜನರತ್ತ ಕಣ್ಣು ಹಾಯಿಸಿದಳು.

"ಇವ್ರೆಲ್ಲ ಇಲ್ಲೂ ಇರ್ತಾರೆ, ಅಲ್ಲೂ ಇರ್ತಾರೆ ಅತ್ಗೆ. ಮಧ್ಯ ಯಾರಿರ್ತಾರೆ?"

"ನಿಮ್ಮಣ್ಣನೂ ಅದನ್ನೇ ಹೇಳ್ತಿದ್ರು ಕಣಪ್ಪ. ಆದ್ರೂ ಟ್ರ್ಯಾಕ್ಟರ್ ಹತ್ತಿಸ್ಬೇಡ ಅಂತ ಮಾತು ತಗೊಂಡಿದಾರೆ."

*

ತರೀಕೆರೆಯ ಕಾಲೇಜಿನಲ್ಲಿ ಶಶಿಧರರ ಭೌತಶಾಸ್ತ್ರ ಸಾವಿನ ಮನೆಯಿಂದಲೇ ಶುರುವಾಗುತ್ತಿತ್ತು. ಭೂಮಿಯ ಕಾಂತರೇಖೆ ದಕ್ಷಿಣದಲ್ಲಿ ನೆಲ ಬಿಟ್ಟೆದ್ದು, ಆಕಾಶದಲ್ಲಿ ಕಮಾನಾಗಿ ಬಾಗಿ, ಉತ್ತರದಲ್ಲಿ ಇಳಿಯುತ್ತದೆ. ಅದರ ಉದ್ದಕ್ಕೂ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಗುಂಪು, ಹರಡಿರುತ್ತದೆ. "ಹೆಣದ ಹಿಂದಿನ ಜನ ಇದ್ದಂಗೆ ಕಣ್ರೋ. ಎರಡು ತುದೀಲಿ ದಟ್ಟ, ನಡುವೆ ತೆಳು." ಉದಾಹರಣೆಗೆ ಅವರು ದೂರ ಹೋಗಬೇಕಿರಲಿಲ್ಲ. ಯಾರೇ ಸತ್ತರೂ ಮನೆಯಲ್ಲಿ ಕಣ್ಣೊರೆಸಿಕೊಂಡು, ಸ್ಕೂಟರ್ ಹತ್ತಿ, ಸ್ಮಶಾನದಲ್ಲಿ ಎಲ್ಲರಿಗಿಂತ ಮೊದಲು ನೆರಳು ಹಿಡಿಯುತ್ತಿದ್ದವರು ಅವರೇ.

ಬಹಳ ಎತ್ತರದ ರೇಖೆಗಳಲ್ಲಿ ನಟ್ಟನಡುವೆ ಒಮ್ಮೊಮ್ಮೆ ಪ್ಲಾಸ್ಮಾ ಕೊಂಚ ಉಬ್ಬಿರುತ್ತದೆ ಎಂಬ ಅವರ ಮಾತನ್ನು ಮಾತ್ರ ಗೆಳೆಯ ಸಿಕಂದರ್ ಒಪ್ಪಲಿಲ್ಲ. ಕಡೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವನಿಗೆ ಕಾಣದ್ದರ ಮೇಲೆ ನಂಬಿಕೆ ಕಡಿಮೆ.

"ಒಂದು ಹೆಣದ ಹಿಂದೆ ನಡುದಾರೀಲಿ ಉಬ್ಬು ತೋರ್ಸಿ ಮೇಷ್ಟ್ರೇ. ಆಮೇಲೆ ಆಕಾಶದ್ದು ನಂಬ್ತೀನಿ."

"ತಡಿಯೋ, ನನ್ನ ಹೆಣದ ಹಿಂದೇನೇ ತೋರಿಸ್ತೀನಿ."

*

ಮನೆಯ ಮುಂದೆ ಚಟ್ಟಕ್ಕೆ ಹೆಗಲು ಕೊಡಲು ನೂಕುನುಗ್ಗಲಾಯಿತು. ಬಸ್ ಸ್ಟ್ಯಾಂಡ್ ದಾಟುವಾಗ ಕೆಲವರಿಗೆ ಫೋನ್ ಬಂತು, ಕೆಲವರಿಗೆ ಮಂಡಿನೋವು. ಕೆರೆ ಏರಿ ಹತ್ತುವ ಹೊತ್ತಿಗೆ ಉಳಿದವರು ತಿಮ್ಮೇಶ, ಸಿಕಂದರ್ ಮತ್ತು ಇಬ್ಬರು ಹಳೆಯ ಶಿಷ್ಯರು. ಹೆಗಲು ಬದಲಿಸಲು ಗಾಳಿಯೊಂದೇ ಇತ್ತು.

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ದಿಕ್ಕು ತಿರುಗಿಸುವುದು ಪದ್ಧತಿ. ಲಿಂಗಮ್ಮನ ಹೋಟೆಲಿನ ಎದುರು ಇಳಿಸಿದರು. ಎತ್ತಲು ಹೋದರೆ ತಿಮ್ಮೇಶನ ಭುಜ ಏಳಲೊಲ್ಲದು.

"ಆಗಲ್ಲ ಸಿಕಂದರಣ್ಣ. ಅತ್ಗೆ ಹತ್ರ ಕೀಲಿ ಕೇಳೋದೇ ಸೈ."

ಸಿಕಂದರ್ ಹೋಟೆಲ್ ಮುಂದೆ ಸಾಲಾಗಿ ನಿಂತಿದ್ದ ಸ್ಕೂಟರುಗಳನ್ನು ನೋಡುತ್ತಿದ್ದ. ಒಳಗೆ, ಬೆಳಿಗ್ಗೆ ಅಂಗಳದಲ್ಲಿ ಅತ್ತವರೆಲ್ಲ ಇಡ್ಲಿಗೆ ಕಾದಿದ್ದರು.

ಹೊರಗಿಣುಕಿದ ಲಿಂಗಮ್ಮ ಒಲೆ ಆರಿಸಿದಳು. ಹೆಣ ಎದುರಿಗಿರುವಾಗ ಊರಲ್ಲಿ ಯಾರೂ ಒಲೆ ಉರಿಸುವುದಿಲ್ಲ, ತುತ್ತು ಎತ್ತುವುದಿಲ್ಲ.

"ಮೇಷ್ಟ್ರು ಮುಂದಕ್ಕೆ ಹೋಗೋವರ್ಗೂ ಟೀನೂ ಇಲ್ಲ, ಇಡ್ಲೀನೂ ಇಲ್ಲ," ಎಂದಳು.

ಒಂದು ಗಳಿಗೆ ಎಲ್ಲರೂ ಲೋಟಗಳನ್ನೇ ನೋಡಿದರು. ಆಮೇಲೆ ಬೆಂಚುಗಳು ಸರಿದವು. ಬಾಯಿ ಒರೆಸಿಕೊಳ್ಳುತ್ತ ಹೊರಬಂದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟರು. ಏರಿಯ ಮೇಲೆ ಎದುರಿನಿಂದ ಬಂದ ಬಸ್ಸು ದಾರಿಯಿಲ್ಲದೆ ನಿಂತಿತು.

ಸಂಜೆ ಹೇಮಾವತಿ ಸೆರಗಿನ ಗಂಟು ಬಿಚ್ಚುತ್ತ, ನಡುದಾರಿಯಲ್ಲಿ ಜನ ಇದ್ದರೇ ಎಂದು ವಿಚಾರಿಸಿದಳು.

"ಉಬ್ಬು ಇತ್ತು ಅಮ್ಮ," ಎಂದ ಸಿಕಂದರ್.

ಕೀಲಿ ತಿಮ್ಮೇಶನಿಗೆ ಹಿಂದಿರುಗಿತು. ಟ್ರ್ಯಾಕ್ಟರ್ ನಿಂತಲ್ಲೇ ಇತ್ತು.