ಅಕ್ಕಯಮ್ಮ ಕುಂಕುಮ ತೆಗೆಸಿದ ನಕ್ಷೆ

ಕಲ್ಲಿನಲ್ಲಿ ದೇವರಿದ್ದಾನೆ, ನೀರಿನಲ್ಲಿ ದೇವರಿದ್ದಾನೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಾಗದದಲ್ಲೂ ಇದ್ದಾನೆ ಎಂದು ನಂಬಿದ್ದವರು ನಮ್ಮ ಪಾಳ್ಯದ ಪಟೇಲರ ಮನೆಯವರು. ಅಳತೆಯವರು ಎಂದೋ ಬರೆದುಕೊಟ್ಟಿದ್ದ ಊರ ನಕ್ಷೆಯೊಂದು ಆ ಮನೆಯ ದೇವರ ಪೆಟ್ಟಿಗೆಯಲ್ಲಿತ್ತು. ಬರೆದ ಮುಖ ಹೊರಗೆ ಬರುವಂತೆ ಎಂಟು ಮಡಿಕೆ ಮಡಿಸಿದ ಕಾಗದ. ಆಯುಧಪೂಜೆಯ ದಿನ ನೇಗಿಲು, ಮಚ್ಚು, ಅಳತೆಯ ಸರಪಳಿಯ ಜೊತೆಗೆ ಅದನ್ನೂ ಮಣೆಯ ಮೇಲಿಟ್ಟು, ಬಿಚ್ಚದೆಯೇ, ಮೇಲೆ ಕಾಣುವ ಮಡಿಕೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅತ್ತೆ ಹಚ್ಚಿದ ಜಾಗಕ್ಕೇ ಸೊಸೆ ಹಚ್ಚಿದಳು. ಹೀಗೆ ಮೂವತ್ತು ನಲವತ್ತು ವರ್ಷ. ಆ ಕುಂಕುಮದ ಕೆಳಗೆ ಏನು ಬರೆದಿದೆ ಎಂದು ಯಾರೂ ನೋಡಲಿಲ್ಲ. ದೇವರ ಮುಖವನ್ನು ಅಲಂಕಾರದ ಮೇಲೆ ನೋಡಿ ತೃಪ್ತಿಪಡುವುದು ನಮಗೆ ಅಭ್ಯಾಸ.

ಜಯನಗರದ ಬೀದಿಗಳು ಒಂದೊಂದಾಗಿ ನಮ್ಮ ಹೊಲಗಳ ಕಡೆಗೆ ನಡೆದು ಬರುತ್ತಿದ್ದ ಕಾಲ. ಐವತ್ತೆಂಟನೇ ಇಸವಿ ಇರಬೇಕು. ಬೇಸಗೆಯ ಒಂದು ಬೆಳಗ್ಗೆ, ಬಡಾವಣೆಗೆ ರಸ್ತೆ ಹಾಕಿಸುವ ಸರ್ಕಾರಿ ಓವರ್‌ಸಿಯರ್ ಸೋಮಲಿಂಗಪ್ಪ ಬಂದು ಊರ ಬಾವಿಯ ಸುತ್ತ ಗೂಟ ಹೊಡೆಸಿದ. ಬಾವಿಯ ಮೇಲೆಯೇ ರಸ್ತೆ ಬರುತ್ತದೆ, ಮಣ್ಣು ತುಂಬಿಸುತ್ತೇವೆ ಎಂದ. ಇಡೀ ಪಾಳ್ಯ ಕುಡಿಯುತ್ತಿದ್ದದ್ದು ಆ ಒಂದೇ ಬಾವಿಯ ನೀರು.

ತೀರಿಹೋದ ಪಟೇಲರ ಹೆಂಡತಿ ಅಕ್ಕಯಮ್ಮ, ಆಗ ಅರುವತ್ತು ದಾಟಿದವಳು, ಕೊಡವನ್ನು ಕೆಳಗಿಳಿಸದೆಯೇ ಕೇಳಿದಳು. "ಬಾವಿ ಕಾಣಾಕಿಲ್ವಾ ನಿಮಗೆ?"

"ಕಾಣ್ತದಮ್ಮ. ಆದ್ರೆ ಕಣ್ಣಿಗೆ ಕಂಡದ್ದು ರೆಕಾರ್ಡ್ ಅಲ್ಲ. ನಮ್ಮ ನಕ್ಷೇಲಿ ಬಾವೀನೇ ಇಲ್ಲ. ಯಾರೋ ತಮ್ಮ ಹೊಲದಲ್ಲಿ ತೋಡಿಕೊಂಡಿದ್ದು ಅಂತ ಲೆಕ್ಕ. ಹೊಲಾನೇ ನಮ್ಮದಾದ ಮೇಲೆ ಬಾವೀದೇನು?"

"ಊರೊಟ್ಟಿಂದು ಇದು. ನಮ್ಮನೇಲಿ ನಕ್ಷೆ ಅದೆ."

ಪೆಟ್ಟಿಗೆಯಿಂದ ತಂದು ತೋರಿಸಿದಳು. ಸೋಮಲಿಂಗಪ್ಪ ಒಂದು ಮಡಿಕೆ ಎತ್ತಲು ಹೋದ. ಕಾಗದ ಹಪ್ಪಳದಂತೆ ಚಿಟ್ ಎಂದಿತು. ಬಾವಿ ಇರಬೇಕಾದ ಮೂಲೆಯ ತುಂಬ ಕೆಂಪು ಹೆಕ್ಕಳಿಕೆ.

"ಇದು ಬಾವಿ ಅಲ್ಲಮ್ಮ, ಕುಂಕುಮದ ಭರಣಿ," ಎಂದು ನಕ್ಕ. "ನನ್ನ ಕೈಲಿ ಕೊಡಿ. ಆಫೀಸಲ್ಲಿ ನೋಡ್ತಾರೆ."

"ಆಫೀಸಿಗೆ ಹೋದ ಕಾಗದ ತಿರುಗಿ ಬಂದಿದ್ದು ನೀವು ನೋಡೀರಾ?"

ಅವನು ಎಂಟು ದಿನ ಗಡುವು ಕೊಟ್ಟು ಹೋದ.

ಮೈದುನ ಚಿಕ್ಕಬೈರಪ್ಪ ಸಂಜೆ ಬಂದು ಜಗಲಿಯಲ್ಲಿ ಕುಳಿತ. "ಅತ್ಗೆ, ಸುಮ್ಕಿರು. ನಲ್ಲಿ ಹಾಕುಸ್ತಾರಂತೆ. ಇಲ್ಲಾಂದ್ರೆ ಆ ಕಾಗದಾನ ಅಗಸರ ಮನೇಲಿ ಕೊಡು, ಇಸ್ತ್ರಿ ಹಾಕ್ಕೊಡ್ತಾರೆ, ನೆಟ್ಟಗಾಯ್ತದೆ."

ಪಡಸಾಲೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಚನ್ನಬಸವಯ್ಯ ಇದನ್ನು ಕೇಳಿಸಿಕೊಂಡು ಹೊರಗೆ ಬಂದರು. ತುಮಕೂರಿನ ಕಡೆಯವರು, ಪೇಟೆಯ ಅಚ್ಚುಕೂಟವೊಂದರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ.

"ಒಣಗಿದ ಮಡಿಕೆಗೆ ಇಸ್ತ್ರಿ ಇಟ್ರೆ ಎಂಟು ತುಂಡು ಬರ್ತದೆ, ಗೌಡ್ರೆ," ಎಂದರು.

"ಮತ್ತೆ ನೀರು ಚಿಮುಕಿಸಬೇಕಾ, ಅಯ್ನೋರೆ?" ಎಂದಳು ಅಕ್ಕಯಮ್ಮ.

"ಕಾಗದ ನೀರು ಕುಡೀಬಾರದು, ನೀರಿನ ಗಾಳಿ ಕುಡೀಬೇಕು. ಅದಕ್ಕೂ ಮೊದಲು ಕುಂಕುಮ ತೆಗೀಬೇಕು. ತೇವ ತಗುಲಿದ್ರೆ ಕೆಂಪು ಹರಡಿ ಬಾವಿ ಪೂರ್ತಿ ಮುಚ್ಚಿಹೋಗ್ತದೆ. ಆಮೇಲೆ ಶಿವನೇ ಬಂದ್ರೂ ಓದಕ್ಕಾಗಲ್ಲ."

ಚಿಕ್ಕಬೈರಪ್ಪ ಎದ್ದು ನಿಂತ. "ಪೂಜೆ ಕುಂಕುಮ ಒರೆಸೋದಾ? ಅದೂ ನಿನ್ನ ಕೈಯಾಗಾ, ಅತ್ಗೆ? ನಿಂದಂತೂ ಹೋಯ್ತು. ಮನೇದೂ ಹೋಗ್ಬೇಕಾ?"

ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು.

"ನನ್ನ ಹಣೇದು ಒರೆಸೋವಾಗ ನೀವ್ಯಾರೂ ನನ್ನ ಕೇಳ್ಳಿಲ್ಲ," ಎಂದಳು ಅಕ್ಕಯಮ್ಮ. ದನಿ ಏರಲಿಲ್ಲ. "ಇದನ್ನ ನಾನೂ ನಿನ್ನ ಕೇಳಾಕಿಲ್ಲ. ನಕ್ಷೆ ತೊಗೊಳ್ಳಿ, ಅಯ್ನೋರೆ. ಹೆಂಗೆ ಅಂತ ತೋರ್ಸಿ."

ಮಾರನೆಯ ದಿನ ಚನ್ನಬಸವಯ್ಯ ಪೇಟೆಯಿಂದ ಎರಡು ಬನ್ನು, ಮೆತ್ತನೆಯ ಕುಂಚ, ಅಚ್ಚಿನ ಬಿಳಿ ಕಾಗದದ ಕಟ್ಟು ತಂದರು. ಮೊದಲು ಕುಂಚದಿಂದ ಉದುರುವಷ್ಟನ್ನು ಉದುರಿಸಿದರು. ಆಮೇಲೆ ಬನ್ನಿನ ತಿರುಳನ್ನು ಉಂಡೆ ಮಾಡಿ ಕೆಂಪಿನ ಮೇಲೆ ಒತ್ತಿ ಎತ್ತಿದರು. ಉಜ್ಜಬಾರದು, ಒತ್ತಬೇಕು. ಉಂಡೆ ಕೆಂಪಾದ ಕೂಡಲೇ ಬೇರೆ ಉಂಡೆ. ಒಂದು ಗಳಿಗೆ ನೋಡಿದ ಅಕ್ಕಯಮ್ಮ ಉಂಡೆಯನ್ನು ತಾನೇ ಕೈಗೆ ತೆಗೆದುಕೊಂಡಳು. ರಾಗಿ ಮುದ್ದೆ ಕಟ್ಟಿದ ಕೈ. ಎಷ್ಟು ಒತ್ತಬೇಕು ಎನ್ನುವುದು ಅದಕ್ಕೆ ಗೊತ್ತಿತ್ತು. ಕೆಂಪು ಉಂಡೆಗಳನ್ನೆಲ್ಲ ಬಾಳೆಲೆಯಲ್ಲಿ ಕೂಡಿಟ್ಟು ತುಳಸಿಯ ಬುಡಕ್ಕೆ ಹಾಕಿ ಕೈ ಮುಗಿದಳು. ಹೊತ್ತಿಳಿಯುವಾಗ ಕುಂಕುಮ ಹೋಗಿತ್ತು. ಅರಿಶಿನ ಹೋಗಲಿಲ್ಲ. "ಇರ್ಲಿ ಬಿಡಿ, ಹಳದಿ ಕೆಳಗೆ ಗೆರೆ ಕಾಣ್ತದೆ," ಎಂದರು ಚನ್ನಬಸವಯ್ಯ.

ಮರುದಿನ ಬಚ್ಚಲಿನ ತಾಮ್ರದ ಹಂಡೆಯನ್ನು ಬೆಳಗಿ, ತಳದಲ್ಲಿ ನೆನೆಸಿದ ಗೋಣಿಯನ್ನು ಹಾಸಿದರು. ಮೇಲೆ ಕಲ್ಲು, ಕಲ್ಲಿನ ಮೇಲೆ ಬಿದಿರಿನ ತಟ್ಟೆ, ತಟ್ಟೆಯಲ್ಲಿ ತೆಳುವಾದ ಒಣ ಬಟ್ಟೆಯೊಳಗೆ ನಕ್ಷೆ. ಬಾಯಿ ಮುಚ್ಚಿದರು. ಬೆಂಕಿ ಇಲ್ಲ. ಜಾಮ ಕಳೆದು ತೆಗೆದಾಗ ಕಾಗದ ವೀಳ್ಯದೆಲೆಯಂತೆ ಮೆತ್ತಗಾಗಿತ್ತು. ಒಂದೊಂದೇ ಮಡಿಕೆಯನ್ನು ಇಬ್ಬರೂ ಎರಡು ತುದಿ ಹಿಡಿದು ಬಿಡಿಸಿದರು. ಸೀಳಿದ್ದ ಕಡೆ ಹಿಂಬದಿಯಿಂದ ತೆಳು ಕಾಗದದ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಹಚ್ಚಿದರು. ಕೆಳಗೆ ಮೇಲೆ ಬಿಳಿ ಕಾಗದ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ರಾಗಿ ಬೀಸುವ ಕಲ್ಲು.

"ನಾಲ್ಕು ದಿನ ಮುಟ್ಟಂಗಿಲ್ಲ. ಬೆಳಗ್ಗೆ ಸಂಜೆ ಬಿಳಿ ಕಾಗದ ಮಾತ್ರ ಬದಲಾಯಿಸ್ತೀನಿ. ಆತುರಪಟ್ಟು ಎತ್ತಿದ್ರೆ ಮಡಿಕೆ ಮತ್ತೆ ಹುಟ್ತದೆ," ಎಂದರು ಚನ್ನಬಸವಯ್ಯ.

ಮನುಷ್ಯನ ಮನಸ್ಸೂ ಹಾಗೆಯೇ ಅಲ್ಲವೆ. ಎಷ್ಟು ವರ್ಷ ಮಡಿಸಿಟ್ಟೆವೋ, ಬಿಡಿಸಿದ ಮೇಲೂ ಅಷ್ಟು ಭಾರ ಬೇಕು.

ಆದರೆ ಸೋಮಲಿಂಗಪ್ಪ ಗಡುವಿಗೆ ಎರಡು ದಿನ ಮೊದಲೇ ಬಂದ. ಹಿಂದೆ ಮಣ್ಣಿನ ಎರಡು ಗಾಡಿ, ಮಂಕರಿ ಹಿಡಿದ ಆಳುಗಳು. ಅಕ್ಕಯಮ್ಮ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತಳು.

"ಏಳಿ ತಾಯಿ. ಎಲ್ಲಿ ನಿಮ್ಮ ನಕ್ಷೆ?"

"ಮಲಗ್ಕೊಂಡದೆ."

"ಏನು?"

"ಕಲ್ಲಿನ ಕೆಳಗೆ ಮಲಗ್ಕೊಂಡದೆ. ನಾಡಿದ್ದು ಏಳ್ತದೆ. ನೀವೇ ಹೇಳಿದ್ದಲ್ವಾ, ಎಂಟು ದಿನ ಅಂತ? ನಂಗೆ ಓದು ಬರಾಕಿಲ್ಲ, ಎಣಿಸಾಕೆ ಬರ್ತದೆ."

"ಪೋಲೀಸಿನವರನ್ನ ಕರೆಸ್ಲಾ?"

"ಕರೆಸಿ. ಬಿಸಿಲಲ್ಲಿ ಬರ್ತಾರೆ, ಪಾಪ. ಅವರಿಗೂ ಇದೇ ನೀರು ಕೊಡ್ತೀನಿ."

ಆಳುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನಾರಾಯಣಮ್ಮ, ಗೌರಮ್ಮ, ಇನ್ನೂ ನಾಲ್ಕು ಮನೆಯ ಹೆಂಗಸರು ಕೊಡ ತಂದು ಕಟ್ಟೆಯ ಉದ್ದಕ್ಕೂ ಇಟ್ಟರು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ನೀರು ಸೇದತೊಡಗಿದರು, ಬೇಕಾದ್ದಕ್ಕಿಂತ ತುಸು ನಿಧಾನವಾಗಿ. ಮಧ್ಯಾಹ್ನಕ್ಕೆ ಗಾಡಿಗಳು ಮಣ್ಣಿನೊಂದಿಗೇ ಹಿಂದಿರುಗಿದವು.

ಎಂಟನೆಯ ದಿನ ಜಗಲಿಯ ಮೇಲೆ ಹಲಗೆಯಿಟ್ಟು ನಕ್ಷೆ ಹಾಸಿದರು. ಎಂಟು ಚೌಕಗಳ ನೆರಳು ಅದರಲ್ಲಿ ಮಸುಕಾಗಿ ಉಳಿದಿತ್ತು, ಉಬ್ಬು ಇರಲಿಲ್ಲ. ಹಳದಿಯ ಕೆಳಗೆ ಸಣ್ಣದೊಂದು ವೃತ್ತ, ಪಕ್ಕದಲ್ಲಿ ಸಣ್ಣ ಅಕ್ಷರ. ಸೋಮಲಿಂಗಪ್ಪ ಬಗ್ಗಿದ.

"ಗಟ್ಟಿಯಾಗಿ ಓದಿ," ಎಂದಳು ಅಕ್ಕಯಮ್ಮ.

"ಗ್ರಾಮದ ಕುಡಿಯುವ ನೀರಿನ ಬಾವಿ," ಎಂದು ಓದಿದ. ಗೆರೆಯನ್ನು ಬೆರಳಲ್ಲಿ ಹಿಂಬಾಲಿಸಿದ. ಬಾವಿ ಯಾರ ಹೊಲದೊಳಗೂ ಇರಲಿಲ್ಲ. ಜಗಲಿಯ ಅಂಚಿನಲ್ಲಿ ನಿಂತಿದ್ದ ಚಿಕ್ಕಬೈರಪ್ಪನೂ ಕತ್ತು ಚಾಚಿದ.

ಓವರ್‌ಸಿಯರ್ ಬೆವರು ಒರೆಸಿಕೊಂಡ. "ಸರಿ. ಇದನ್ನ ಕೊಡಿ, ಸಾಹೇಬರಿಗೆ ತೋರಿಸ್ತೀನಿ."

"ಕೊಡಾಕಿಲ್ಲ. ಇಲ್ಲೇ ಕುಂತು ನಕಲು ಇಳಿಸ್ಕೊಳ್ಳಿ."

"ಸಾಹೇಬ್ರು ಅಸಲೇ ಬೇಕು ಅಂದ್ರೆ?"

"ಅವರೇ ಬರ್ಲಿ. ವರ್ಷಕ್ಕೆ ಒಂದೇ ಸಲ ಬಿಚ್ಚಿ ಅಂತ ಅಯ್ನೋರು ಹೇಳವ್ರೆ. ಸಾಹೇಬ್ರಿಗೋಸ್ಕರ ಇನ್ನೊಂದ್ಸಲ ಬಿಚ್ತೀನಿ. ಅದೂ ಇದೇ ಜಗಲೀಲಿ."

ಸೋಮಲಿಂಗಪ್ಪ ತೆಳು ಕಾಗದ ತರಿಸಿ, ಅವಳ ಕಣ್ಣೆದುರೇ, ಸೀಸದಕಡ್ಡಿಯನ್ನು ಒತ್ತದೆ ನಕಲು ಇಳಿಸಿದ. ಸಾಹೇಬರು ಒಪ್ಪುವ ತನಕ ಮಣ್ಣು ಹಾಕುವುದಿಲ್ಲ ಎಂದು ಅದರ ಕೆಳಗೆ ಬರೆದು ಓದಿ ಹೇಳಿದ. ಅವನು ಹೋದ ಮೇಲೆ ಚನ್ನಬಸವಯ್ಯ ದಪ್ಪನೆಯ ದುಂಡು ಮರದ ಕೋಲಿಗೆ ಮಡಿ ಬಟ್ಟೆ ಸುತ್ತಿ, ಅದರ ಮೇಲೆ ನಕ್ಷೆಯನ್ನು ಸಡಿಲವಾಗಿ ಸುತ್ತಿದರು. ಹೊರಗೊಂದು ಬಟ್ಟೆ, ಹುಳು ಬಾರದಿರಲೆಂದು ಬಜೆಯ ಬೇರು. ಮರದ ಉದ್ದ ಪೆಟ್ಟಿಗೆಯೊಂದರಲ್ಲಿ ಇಟ್ಟು, ಒಲೆಯ ಹೊಗೆ ತಾಕದ ನಡುಮನೆಯ ಅಟ್ಟಕ್ಕೆ ಏರಿಸಿದರು.

ಹದಿನೈದು ದಿನಕ್ಕೆ ಸಾಹೇಬರು ಜೀಪಿನಲ್ಲಿ ಬಂದರು. ನಕ್ಷೆ ಇಳಿಯಿತು. ಅವರು ಕೈ ಚಾಚಿದಾಗ ಅಕ್ಕಯಮ್ಮ ಚೊಂಬು ಮುಂದಿಟ್ಟಳು.

"ಕೈ ತೊಳ್ಕೊಂಡು ಮುಟ್ಟಿ, ಸ್ವಾಮಿ."

ಸೋಮಲಿಂಗಪ್ಪ ಬೇರೆ ಕಡೆ ನೋಡಿದ. ಸಾಹೇಬರು ಅವಳನ್ನು ಒಂದು ಸಲ ನೋಡಿ, ತೋಳು ಮಡಿಸಿ, ಕೈ ತೊಳೆದುಕೊಂಡರು. ಒರೆಸಿಕೊಂಡರು. ಬಹಳ ಹೊತ್ತು ನೋಡಿದರು. ಕೊನೆಗೆ, "ರಸ್ತೇನ ಆ ಕಡೆ ತಗೊಂಡು ಹೋಗ್ರಿ," ಎಂದರು ಸೋಮಲಿಂಗಪ್ಪನಿಗೆ.

ಅಕ್ಕಯಮ್ಮ ಕೈ ಮುಗಿಯಲಿಲ್ಲ. ಅವಳ ಎರಡು ಕೈಯಲ್ಲೂ ನಕ್ಷೆಯ ತುದಿಗಳಿದ್ದವು, ಎದುರಿಗೆ ಚನ್ನಬಸವಯ್ಯ ಅದನ್ನು ಮತ್ತೆ ಕೋಲಿಗೆ ಸುತ್ತುತ್ತಿದ್ದರು. "ನಿಧಾನ, ಅಯ್ನೋರೆ," ಎಂದಳು, "ನಿಮ್ಮ ಕಡೆ ಸ್ವಲ್ಪ ಸೊಟ್ಟ ಹೋಯ್ತಾ ಅದೆ."